ಕಸ್ತೂರೆವ್ವನ ಹತ್ತನೆಯ ಕೌದಿ

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಮುಕ್ತವ್ವ ಎಂಬ ಮುದುಕಿ ಇದ್ದಳು. ಹೆಸರು ಹಿಡಿದು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಬಂದವರೆಲ್ಲ ಅವ್ವ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ, ಐವತ್ತರ ಹತ್ತಿರದ ಹೆಂಗಸೊಬ್ಬಳು ತಲೆಯ ಮೇಲೆ ದೊಡ್ಡದೊಂದು ಬಟ್ಟೆಗಂಟು ಹೊತ್ತು ಬಂದು ಮಠದ ಕಟ್ಟೆಯ ಮೇಲೆ ಕೂತಳು.

"ಯಾರವ್ವಾ ನೀ?" ಎಂದಳು ಅವ್ವ.

"ಕಸ್ತೂರೆವ್ವ ಅಂತಾರ್ರಿ."

"ಯಾವೂರು?"

ಅವಳು ಗಂಟನ್ನು ಪಕ್ಕಕ್ಕೆ ಸರಿಸಿದಳು.

"ಊರು ಇಲ್ಲರಿ. ಡ್ಯಾಮಿನ ನೀರಾಗ ಮುಳಗೇತಿ."

ಊರು ಬಿಟ್ಟ ಮಂದಿ ಒಂದೇ ಕಡೆ ಹೋಗಿರಲಿಲ್ಲ. ಸರಕಾರದ ಪುನರ್ವಸತಿ ಪಟ್ಟಿಯಲ್ಲಿ ಹೆಸರು ಬಂದಂತೆ ಒಂದೊಂದು ಮನೆ ಒಂದೊಂದು ದಿಕ್ಕಿಗೆ ಹೋಯಿತು. ಕಸ್ತೂರೆವ್ವನ ಗಂಡ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ. ಅದೇ ಊರಿಗೆ ಸೊಸೆಯಾಗಿ ಬಂದಿದ್ದ ತಂಗಿ ನೀಲಗಂಗಾ, "ನನ್ನ ಕೂಡ ಬಾ ಅಕ್ಕಾ" ಎಂದು ಕೈಹಿಡಿದು ಕರೆದಳು. ತಂಗಿಗೆ ಸಿಕ್ಕಿದ್ದು ತಗಡಿನ ಎರಡು ಕೋಣೆ, ಇರುವವರು ಏಳು ಮಂದಿ. ಕಸ್ತೂರೆವ್ವ ಒಲ್ಲೆ ಎಂದಳು.

"ಗಂಟಿನ್ಯಾಗ ಏನೈತಿ?" ಎಂದು ಅವ್ವ ಕೇಳಿದಳು.

"ಹಳೇ ಸೀರಿ. ನಾ ಕೌದಿ ಹೊಲಿಯಾಕಿರಿ. ಊರು ಬಿಡೂ ದಿನ ಹತ್ತು ಮನಿ ಹೆಣ್ಮಕ್ಕಳು ಒಂದೊಂದು ಸೀರಿ ತಂದು ನನ್ನ ಉಡ್ಯಾಗ ಹಾಕಿದ್ರು. ಎಲ್ಲಾರ ಸೀರಿ ಎಲ್ಲಾರ ಕೌದ್ಯಾಗ ಬರಬೇಕು, ಹಂಗ ಹೊಲದು ಕಳಸು ಅಂದ್ರು. ಕಳಸ್ತೀನಿ ಅಂತ ಮಾತು ಕೊಟ್ಟೀನಿ."

"ಹಂಗಾರ ಹೊಲಿ."

"ನಾ ಬಂದಿದ್ದು ನಿಮ್ಮ ಕಡೆ ಏನರ ಕಲಿಯಾಕರಿ."

"ಹೊಲಿ," ಎಂದಳು ಅವ್ವ, ಮತ್ತೆ.

ಕಸ್ತೂರೆವ್ವ ಹೊಲಿದಳು. ಬೆಳಿಗ್ಗೆ ಮಠದ ಕಸ ಗುಡಿಸಿ, ರೊಟ್ಟಿ ಬಡಿದು, ಆಮೇಲೆ ಕಟ್ಟೆಯ ಮೇಲೆ ಸೀರೆ ಹಾಸಿಕೊಂಡು ಕೂರುತ್ತಿದ್ದಳು. ಗೆಳತಿ ದಾನವ್ವನ ಇಳಕಲ್ ಸೀರೆಯ ಸೆರಗು, ನೀಲಗಂಗಾ ಬಾಣಂತನದಲ್ಲಿ ಉಟ್ಟ ಹಸಿರು ಸೀರೆ, ನೆರೆಮನೆಯ ಗೌರವ್ವಜ್ಜಿಯ ಬಿಳಿ ಸೀರೆ. ತೇಪೆಯ ಪಕ್ಕ ತೇಪೆ. ಸಾಲಿನ ಪಕ್ಕ ಸಾಲು. ಒಂದು ಕೌದಿಗೆ ಏಳೆಂಟು ತಿಂಗಳು ಹಿಡಿಯುತ್ತಿತ್ತು. ಮುಗಿದಾಗ ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು.

ಹೋದವರು ತಿರುಗಿ ಬಂದಾಗ ಓಡಿ ಹೋಗಿ ಕೇಳುತ್ತಿದ್ದಳು.

"ಮುಟ್ಟಸಿದ್ರೇನ್ರಿ?"

"ಮುಟ್ಟಸಿದ್ವಿ."

"ಏನಂದ್ರು?"

"ಚಲೋ ಐತಿ ಅಂದ್ರು."

ಅಷ್ಟೇ. ಒಂದು ಕಾಗದ ಬರಲಿಲ್ಲ. ಹೊದ್ದುಕೊಂಡೆವು ಎಂದು ಯಾರೂ ಹೇಳಿ ಕಳಿಸಲಿಲ್ಲ.

ಮೂರನೆಯ ಕೌದಿ ಹೊಲಿಯುವಾಗ ಒಮ್ಮೆ ಅವ್ವ ಬಂದು ಪಕ್ಕದಲ್ಲಿ ಕೂತಳು.

"ಏನ ಮಾಡಾಕತ್ತಿ?"

"ಊರು ಕೂಡಸಾಕತ್ತೀನಿ ಯವ್ವಾ. ನೀರಾಗ ಹೋಗಿದ್ದನ್ನ ಇಲ್ಲಿ ಕೂಡಸಾಕತ್ತೀನಿ. ನೋಡು, ಇದು ದಾನವ್ವನ ಮನಿ. ಇದರ ಬಾಜೂಕ ನನ್ನ ತಂಗಿ ಮನಿ. ಇದು ಗೌರವ್ವಜ್ಜಿದು."

"ನಿನ್ನ ಮನಿ?"

ಕಸ್ತೂರೆವ್ವ ಮೂಲೆಯ ಒಂದು ನೀಲಿ ತೇಪೆಯನ್ನು ತೋರಿಸಿದಳು. ಅವ್ವ ಅದರ ಮೇಲೆ ಅಂಗೈ ಇಟ್ಟು ಅತ್ತಿತ್ತ ಸವರಿದಳು.

"ಈ ಮನಿಗೆ ಬಾಗಲಾ ಇಲ್ಲಲ್ಲ," ಎಂದು ಎದ್ದು ಹೋದಳು.

ಆರು ವರ್ಷವಾಯಿತು. ಒಂಬತ್ತು ಕೌದಿ ಹೋದವು. ಹತ್ತನೆಯದು ಗೌರವ್ವಜ್ಜಿಗೆ. ಮುದುಕಿಯನ್ನು ಯಾರು ಎಲ್ಲಿಗೆ ಕರೆದುಕೊಂಡು ಹೋದರೋ ಕಸ್ತೂರೆವ್ವನಿಗೆ ಗೊತ್ತಿರಲಿಲ್ಲ. ಆದರೂ ಹೊಲಿದಳು. ಅಂಚು ಹೊಲಿಯುವುದೊಂದೇ ಬಾಕಿ ಇತ್ತು. ಆಗ ಅವಳ ಕೈ ನಿಂತಿತು. ಸೂಜಿ ಹಿಡಿದು ಕೂರುತ್ತಿದ್ದಳು, ಒಂದು ಹೊಲಿಗೆಯೂ ಬೀಳುತ್ತಿರಲಿಲ್ಲ.

"ಯವ್ವಾ, ನಾ ಊರ ಮಂದಿಗೆ ಸತ್ತಂಗ ಆಗೀನೇನು?"

"ನನ್ನ ಯಾಕ ಕೇಳ್ತಿ? ಹೋಗಿ ನೋಡಿ ಬಾ."

"ಏನ ನೋಡ್ಲಿ?"

"ನಿನ್ನ ಕೌದಿ ಎಲ್ಲಿ ಅದಾವ ಅಂತ."

ಚಳಿಗಾಲದ ಶುರುವಿನಲ್ಲಿ ಅವಳು ಬಸ್ಸು ಹತ್ತಿದಳು.

ಮೊದಲು ಹೋದದ್ದು ದಾನವ್ವನ ಮನೆಗೆ. ಇಬ್ಬರೂ ಒಂದೇ ವರ್ಷ ಆ ಊರಿಗೆ ಮದುವೆಯಾಗಿ ಬಂದವರು. ಒಂದೇ ಬಾವಿಯ ನೀರು ಸೇದಿದವರು. ಹೊಸ ಊರಿನಲ್ಲಿ ಓಣಿಗಳಿಗೆ ಹೆಸರಿರಲಿಲ್ಲ, ನಂಬರ್ ಇದ್ದವು. ಕೇಳುತ್ತ ಕೇಳುತ್ತ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ದಾನವ್ವ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು ಅತ್ತಳು. ಕಾಲಿಗೆ ನೀರು ಕೊಟ್ಟಳು. ಬದನೆಕಾಯಿ ಎಣ್ಣೆಗಾಯಿ ಮಾಡಿ ಉಣಿಸಿದಳು. ಕೌದಿಯ ಮಾತು ಮಾತ್ರ ತೆಗೆಯಲಿಲ್ಲ.

ಕೊನೆಗೆ ಕಸ್ತೂರೆವ್ವನೇ ಕೇಳಿದಳು.

"ಕೌದಿ ಬಂತಿಲ್ಲ?"

"ಬಂತು."

"ಎಲ್ಲೈತಿ?"

ದಾನವ್ವ ಟ್ರಂಕಿನ ಮುಚ್ಚಳ ತೆಗೆದಳು. ಎಲ್ಲಕ್ಕೂ ತಳದಲ್ಲಿ ಕೌದಿ ಇತ್ತು. ಕಸ್ತೂರೆವ್ವ ಕಟ್ಟಿದ ಸುತಳಿ ದಾರ ಹಾಗೇ ಇತ್ತು. ಅವಳು ಹಾಕಿದ ಗಂಟು ಕೂಡ.

"ಬಿಚ್ಚೇ ಇಲ್ಲಲ್ಲ ದಾನವ್ವಾ."

"ಗಂಟು ಬಿಚ್ಚದ ಒಂದ ಮೂಲಿ ಸರಿಸಿ ನೋಡಿದ್ದೆ," ಎಂದಳು ದಾನವ್ವ. "ನಮ್ಮ ಓಣಿ ಕಾಣ್ತು. ಮೂರು ದಿನ ಒಲಿ ಹಚ್ಚಲಿಲ್ಲ ನಾನು. ಸೊಸಿ ಗಾಬರಿ ಆದ್ಲು. ಅದನ್ನ ಹೊಚಗೊಂಡು ನಾ ಹೆಂಗ ಮಲಗ್ಲಿ? ಬೆಳಗಾದ್ರ ಇಲ್ಲೇ ಏಳಬೇಕಲ್ಲ?"

ಕಸ್ತೂರೆವ್ವ ಟ್ರಂಕಿನ ಮುಚ್ಚಳ ಹಾಕಿದಳು.

"ಬ್ಯಾಸರ ಮಾಡ್ಕೋಬ್ಯಾಡ. ಕೈ ಮುಗೀತೀನಿ. ಇನ್ನೊಂದು ಕಳಸಬ್ಯಾಡ ನನ್ನವ್ವ."

"ಇನ್ನ ಗೌರವ್ವಜ್ಜಿದು ಒಂದ ಐತಿ. ಆಕಿ ಎಲ್ಲದಾಳ ಗೊತ್ತೇನು?"

ದಾನವ್ವ ಅವಳ ಮುಖ ನೋಡಿದಳು.

"ನಿನಗ ಯಾರೂ ಹೇಳಲಿಲ್ಲೇನು? ಆಕಿ ಊರು ಬಿಟ್ಟ ಮೂರನೇ ವಾರಕ್ಕ ತೀರಿಹೋದ್ಲು."

ಆರು ವರ್ಷದ ಹಿಂದೆ. ಮೊದಲನೆಯ ಕೌದಿಗೆ ಕಸ್ತೂರೆವ್ವ ದಾರ ಪೋಣಿಸುವ ಮೊದಲೇ.

ಅಲ್ಲಿಂದ ತಂಗಿಯ ಮನೆಗೆ ಎರಡು ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಕಸ್ತೂರೆವ್ವ ಕಿಟಕಿಯ ಹೊರಗೆ ನೋಡಲಿಲ್ಲ.

ತಂಗಿಯ ಗಂಡ ಮಲಕಾಜಪ್ಪ ಅಂಗಳದಲ್ಲಿ ಕೂತಿದ್ದ. ಅವಳನ್ನು ಕಂಡವನೇ ಎದ್ದು ನಿಂತ. ಬಾ ಎನ್ನಲಿಲ್ಲ. ತಲೆ ತಗ್ಗಿಸಿದ.

ಒಳಗೆ ಗೋಡೆಯ ಮೇಲೆ ನೀಲಗಂಗಾಳ ಫೋಟೋ ಇತ್ತು. ಫೋಟೋಕ್ಕೆ ಹಾರ ಇತ್ತು.

"ಯಾವಾಗ?"

"ನಾಲ್ಕು ತಿಂಗಳಾತು ಅಕ್ಕಾರ."

"ನನಗ ಹೇಳಿ ಕಳಸಲಿಲ್ಲ."

"ಕಳಸಬೇಕಂದ್ವಿ. ಆ ಕಡೆ ಹೋಗೋರು ಯಾರೂ ಸಿಗಲಿಲ್ಲ. ಆಮ್ಯಾಲ ತಡಾ ಆತು. ತಡಾ ಆದ ಮ್ಯಾಲ ಹೇಳಾಕ ನಾಚಿಕಿ ಬಂತು."

ಅವಳು ನೆಲದ ಮೇಲೆ ಕೂತಳು. ಹಿರಿಯ ಹುಡುಗಿ ನೀರು ತಂದು ಮುಂದಿಟ್ಟಳು. ಅದನ್ನು ಮುಟ್ಟಲಿಲ್ಲ.

"ಏನಾಗಿತ್ತು?"

"ಜ್ವರ. ತಿಂಗಳಗಟ್ಟಲೆ. ಥಂಡಿ, ಥಂಡಿ ಅಂತಿದ್ಲು. ನಿಮ್ಮ ಕೌದಿ ಹೊಚ್ಚತಿದ್ವಿ."

"ಬೆಚ್ಚಗ ಆಗ್ತಿತ್ತೇನು ಆಕಿಗೆ?"

ಮಲಕಾಜಪ್ಪ ಹೌದು ಎನ್ನಬಹುದಿತ್ತು. ಅವನಿಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ.

"ಇಲ್ಲರಿ. ಕಡೀತನಾ ಥಂಡಿ ಅಂತನ ಇದ್ಲು."

"ಆ ಕೌದಿ ಈಗ ಎಲ್ಲೈತಿ?"

"ಹಾಸಿಗಿ ಕೂಡ ಅದನ್ನೂ ಹೊರಗ ಹಾಕಿದ್ವಿ. ರುದ್ರಭೂಮಿ ಬೇಲಿ ಕಡೆ."

ಅವಳು ಒಬ್ಬಳೇ ಅಲ್ಲಿಗೆ ಹೋದಳು. ಜಾಲಿಯ ಕಂಟಿಯೊಂದರಲ್ಲಿ ಒಂದಿಷ್ಟು ಹಸಿರು ಬಟ್ಟೆ ಸಿಕ್ಕಿಕೊಂಡಿತ್ತು. ಮಳೆ ಬಿದ್ದು, ಬಿಸಿಲು ಬಿದ್ದು ಬಣ್ಣ ಹೋಗಿತ್ತು. ಬಿಡಿಸಲು ಕೈ ಹಾಕಿದಳು. ಬೂದಿಯಂತೆ ಉದುರಿತು. ಅವಳು ಹಾಕಿದ ದಾರ ಮಾತ್ರ ಮುಳ್ಳಿನಲ್ಲಿ ಉಳಿಯಿತು.

ಮಠಕ್ಕೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನ ಉಣ್ಣಲಿಲ್ಲ. ಅವ್ವ ಹೊತ್ತಿಗೆ ಸರಿಯಾಗಿ ತಲೆಯ ಹತ್ತಿರ ರೊಟ್ಟಿ ಇಟ್ಟು ಹೋಗುತ್ತಿದ್ದಳು. ಒಣಗಿದ್ದನ್ನು ತೆಗೆದು ಹೊಸದು ಇಡುತ್ತಿದ್ದಳು.

ಮೂರನೆಯ ದಿನ ಕಸ್ತೂರೆವ್ವ ಎದ್ದು ಕೂತಳು.

"ನೋಡಿ ಬಂದೆ ಯವ್ವಾ."

"ಹೂಂ."

"ಒಬ್ಬಾಕಿ ಬಿಚ್ಚಲಿಲ್ಲ. ಒಬ್ಬಾಕಿ ಥಂಡಿ ಅನಕೋತ ಸತ್ಲು. ಇನ್ನೊಬ್ಬಾಕಿ ಸತ್ತು ಆರು ವರ್ಷ ಆಗೇತಿ, ನಾ ಆಕಿ ಸಲುವಾಗಿ ಹೊಲ್ಕೋತ ಕುಂತೀನಿ. ಉಳಿದವ್ರ ಮನಿಗೆ ಹೋಗೂ ಧೈರ್ಯ ಆಗಲಿಲ್ಲ."

ಅವ್ವ ರೊಟ್ಟಿಯ ತಾಟನ್ನು ಅವಳ ಮುಂದೆ ಸರಿಸಿದಳು.

"ನಾ ಮಾತು ಕೊಟ್ಟಿದ್ದೆ. ಮಾತು ಉಳಿಸಿಕೊಂಡೆ. ಮತ್ತ ಯಾಕ ಹಿಂಗಾತು? ಹೇಳು. ಆರು ವರ್ಷ ನಿನ್ನ ಕಡೆ ಇದ್ದೀನಿ, ಒಂದ ಮಾತು ಕಲಿಸಿಲ್ಲ ನೀ. ಇವತ್ತರ ಹೇಳು."



"ನನಗ ಗೊತ್ತಿಲ್ಲ ಮಗಳ," ಎಂದಳು ಅವ್ವ. "ರೊಟ್ಟಿ ತಿನ್ನು."

ಕಸ್ತೂರೆವ್ವ ರೊಟ್ಟಿಯ ತಾಟನ್ನು ದೂರ ತಳ್ಳಿದಳು. ಎದ್ದು ಮೂಲೆಯಲ್ಲಿದ್ದ ಹತ್ತನೆಯ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಳೆಗೆ ನಡೆದಳು. ಅವ್ವ ಒಗೆಯುವ ಬಟ್ಟೆಗಳನ್ನು ತೆಗೆದುಕೊಂಡು ಅವಳ ಹಿಂದೆಯೇ ಬಂದು, ಕಲ್ಲಿನ ಮೇಲೆ ಕೂತಳು.

"ಯಾರದು ಅದು?" ಎಂದು ಕೇಳಿದಳು.

"ಯಾರದೂ ಅಲ್ಲ."

"ಹಂಗಾರ ಹಾಕು."

ಕಸ್ತೂರೆವ್ವ ಹಾಕಿದಳು.

ಕೌದಿ ತಕ್ಷಣ ಮುಳುಗಲಿಲ್ಲ. ಗಾಳಿ ತುಂಬಿಕೊಂಡು ಸ್ವಲ್ಪ ದೂರ ತೇಲಿತು. ಬಿಳಿ, ಹಸಿರು, ನೀಲಿ ತೇಪೆಗಳು ನೀರಿನ ಮೇಲೆ ಒಂದೊಂದಾಗಿ ಕಪ್ಪಾದವು. ಆಮೇಲೆ ಭಾರವಾಗಿ, ಕೆಳಗಿನ ಬಂಡೆಗೆ ಹೋಗಿ ಸುತ್ತಿಕೊಂಡು ನಿಂತಿತು.

ಅದನ್ನು ನೋಡಿದಳು ಕಸ್ತೂರೆವ್ವ. ತನ್ನ ಊರು ಮುಳುಗಿದ್ದನ್ನು ಅವಳು ಕಣ್ಣಾರೆ ನೋಡಿರಲಿಲ್ಲ, ನೀರು ಬರುವ ಮೊದಲೇ ಬಂಡಿ ಹತ್ತಿದ್ದಳು. ಹೊಳೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ತಂಗಿಯ ಫೋಟೋದ ಮುಂದೆ ಬಾರದ ಅಳು ಈಗ ಬಂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ನೀರು ಕಲಕಿದ ಸದ್ದಾಯಿತು. ತಲೆ ಎತ್ತಿದಳು.

ಅವ್ವ ಹೊಳೆಯಲ್ಲಿ ಇಳಿದಿದ್ದಳು. ಮೊಣಕಾಲು ದಾಟಿ ಸೊಂಟಕ್ಕೆ ನೀರು ಬಂದಿತ್ತು. ಬಂಡೆಯ ಹತ್ತಿರ ಹೋಗಿ ಕೌದಿಯ ಒಂದು ಮೂಲೆ ಹಿಡಿದು ಎಳೆದಳು. ಅದು ಅಲುಗಲಿಲ್ಲ. ಮತ್ತೆ ಎಳೆದಳು. ಕಾಲು ಜಾರಿತು. ತಲೆ ಒಂದು ಸಲ ನೀರಿನೊಳಗೆ ಹೋಗಿ ಬಂತು.

"ಯವ್ವಾ!"

ಕಸ್ತೂರೆವ್ವ ಉಟ್ಟ ಸೀರೆಯಲ್ಲೇ ಹಾರಿದಳು. ಒಂದು ಕೈಯಲ್ಲಿ ಅವ್ವನ ರಟ್ಟೆ ಹಿಡಿದಳು. ಅವ್ವ ಕೌದಿ ಬಿಡಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ, ಜಾರುತ್ತ, ಅದನ್ನು ಎಳೆದು ತಂದು ಒಗೆಯುವ ಕಲ್ಲಿನ ಮೇಲೆ ಹಾಕಿದರು.

ಅವ್ವನ ಹಲ್ಲು ಕಟಕಟ ಎನ್ನುತ್ತಿದ್ದವು. ಕಸ್ತೂರೆವ್ವನಿಗೆ ಸಿಟ್ಟು ಬಂತು.

"ಹಾಕು ಅಂದಾಕಿ ನೀನ. ಮತ್ತ ಯಾಕ ಇಳಿದಿ? ಸತ್ತಿದ್ರ?"

"ಯಾರದೂ ಅಲ್ಲ ಅಂದೆಲ್ಲ," ಎಂದಳು ಅವ್ವ. "ಅದಕ ತಗೊಂಡೆ."

"ಏನ್ ಮಾಡ್ತಿ ಇದನ್ನ ತಗೊಂಡು? ಊರು ಬರ್ತೈತೇನು ತಿರುಗಿ?"

"ಇಲ್ಲ."

"ನೀಲಗಂಗಾ ಬರ್ತಾಳೇನು?"

"ಇಲ್ಲ."

"ಮತ್ತ ನಾ ಏನ್ ಮಾಡ್ಲಿ ಯವ್ವಾ?"

ಕೌದಿಯಿಂದ ನೀರು ಇಳಿದು ಕಲ್ಲಿನ ಮೇಲೆ ಹರಿಯುತ್ತಿತ್ತು. ಅವ್ವ ಬಗ್ಗಿ, ಅದರ ಒಂದು ಅಂಚನ್ನು ಹುಡುಕಿ ಹಿಡಿದಳು.

"ಭಾಳ ನೀರು ಕುಡದೈತಿ ಇದು. ಒಬ್ಬಾಕಿ ಕೈಲೆ ಹಿಂಡಾಕ ಆಗೂದಿಲ್ಲ. ಆ ತುದಿ ಹಿಡಿ."