ಮಾತು ಹೋದವನ ಕಿವಿ

“ಗುರುಗಳೇ, ತಪ್ಪು ಮಾಡಿದವನು ಬಾಯಿಬಿಟ್ಟು ಒಪ್ಪಿಕೊಂಡರೆ ನಾಚಿಕೆ ಕಳೆಯುತ್ತದೆ ಎನ್ನುತ್ತಾರೆ. ಎಲ್ಲ ತಪ್ಪನ್ನೂ ಹಾಗೆ ಕಳೆದುಕೊಳ್ಳಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನಿದ್ದ. ಲಕ್ವ ಹೊಡೆದು ಮಾತು ಕಳೆದುಕೊಂಡವರ ಮಿದುಳಿನಲ್ಲಿ ಏನಾಗಿದೆ ಎಂದು ಹುಡುಕುವುದೇ ಅವನ ಕೆಲಸ. ಮಾತು ಹೋದವರಲ್ಲಿ ಎಷ್ಟೋ ಜನರಿಗೆ ತಿಳಿವಳಿಕೆ ಹೋಗಿರುವುದಿಲ್ಲ, ನಾವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತಿರುತ್ತದೆ ಎಂದು ಅವನೇ ಬರೆದಿದ್ದ. ಆ ಬರಹದಿಂದ ಅವನಿಗೆ ಹೆಸರೂ ಬಂದಿತ್ತು.

ಅವನ ಬಳಿಗೆ ಒಬ್ಬ ರೋಗಿ ಬಂದ. ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಲಕ್ವದಿಂದ ಬಲಗೈ ಬಿದ್ದುಹೋಗಿತ್ತು. ನೀರು ಕೇಳಲು ಹೋದರೂ, ಹೆಂಡತಿಯನ್ನು ಕರೆಯಲು ಹೋದರೂ ಬಾಯಿಂದ ಹರಾಜಿನ “ಒಂದು ಸಲ” ಎಂಬ ಕೂಗಷ್ಟೇ ಬರುತ್ತಿತ್ತು. ಇಂಥ ರೋಗಿ ಸಿಗುವುದು ಅಪರೂಪವೆಂದು ವೈದ್ಯ ಅವನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡ. ತಾನು ಪರೀಕ್ಷಿಸುತ್ತಿದ್ದ ಹೊಸ ಔಷಧವನ್ನು ಅವನ ಹೆಂಡತಿಯ ಒಪ್ಪಿಗೆ ಪಡೆದು ಕೊಟ್ಟ.

ಔಷಧ ಯಾರಿಗೂ ಗುಣ ಕೊಡಲಿಲ್ಲ. ಅದು ತಿಳಿದ ದಿನ ವೈದ್ಯನ ಮನಸ್ಸು ಕೆಟ್ಟಿತ್ತು. ವಿದ್ಯಾರ್ಥಿಗಳೊಂದಿಗೆ ಆ ರೋಗಿಯ ಹಾಸಿಗೆಯ ಬಳಿ ನಿಂತಾಗ, ಇವನ ಮುಂದೇನು ಎಂದು ಒಬ್ಬಳು ಕೇಳಿದಳು. ವೈದ್ಯ ರೋಗಿಯ ಕಡೆ ನೋಡದೆ ಹೇಳಿದ: “ಇನ್ನು ಇವನಿಗೆ ಮಾತು ಬರುವುದಿಲ್ಲ. ಲಕ್ವ ಹೊಡೆದ ದಿನವೇ ಪ್ರಾಣ ಹೋಗಿದ್ದರೆ ಮನೆಯವರಾದರೂ ಬದುಕಿಕೊಳ್ಳುತ್ತಿದ್ದರು.”

ರೋಗಿ ಕಣ್ಣು ಮುಚ್ಚಿ ಮಲಗಿದ್ದ. ಮರುದಿನ ಅವನನ್ನು ಮನೆಗೆ ಕಳುಹಿಸಿದರು. ವೈದ್ಯ ಆ ಮಾತನ್ನು ಮರೆತ.

ವರ್ಷ ಕಳೆದ ಮೇಲೆ ಆ ಮನುಷ್ಯ ಕೋಲೂರಿಕೊಂಡು ವೈದ್ಯನ ಕೋಣೆಗೆ ಬಂದ. ತಡೆತಡೆದು ತನ್ನ ಹೆಸರು ಹೇಳಿದ. ವೈದ್ಯ ಹಿಗ್ಗಿ ಎದ್ದುನಿಂತ. ಮಾತು ಹೇಗೆ ಮರಳಿತು, ಯಾರು ಕಲಿಸಿದರು ಎಂದೆಲ್ಲ ಕೇಳಿದ. ಬೇರೆಯವರ ಮಾತು ತಿಳಿಯತೊಡಗಿದ್ದು ಯಾವಾಗಿನಿಂದ ಎಂದೂ ಕೇಳಿದ.

“ಮೊದಲಿನಿಂದ,” ಎಂದ ಆ ಮನುಷ್ಯ. “ಎಲ್ಲ ಕೇಳುತ್ತಿತ್ತು.”

ಆಗ ವೈದ್ಯನಿಗೆ ತಾನು ಆಡಿದ್ದು ನೆನಪಾಯಿತು. ಎದುರಿಗಿದ್ದವನ ಮುಖ ನೋಡಲಾರದೆ ನೆಲ ನೋಡಿದ. ಲೋಕಕ್ಕೆಲ್ಲ ಬರೆದು ತಿಳಿಸಿದ್ದನ್ನು ಒಂದು ಹಾಸಿಗೆಯ ಮುಂದೆ ಮರೆತಿದ್ದ. ಕ್ಷಮಿಸು ಎಂದು ಕೈ ಹಿಡಿದುಕೊಂಡ.

ಆ ಮನುಷ್ಯ ಒಂದೊಂದೇ ಮಾತನ್ನು ಹುಡುಕಿ ನಡೆದದ್ದನ್ನು ಹೇಳಿದ. ಅಂದು ಅವನ ಹೆಂಡತಿ ಹಾಸಿಗೆಯ ಪಕ್ಕದ ಪರದೆಯ ಆಚೆಯೇ ಇದ್ದಳು. ಅವಳೂ ಕೇಳಿಸಿಕೊಂಡಿದ್ದಳು. ಗಂಡ ನಿದ್ದೆಯಲ್ಲಿದ್ದ, ಅವನಿಗೆ ಕೇಳಿಸಿಲ್ಲ ಎಂದುಕೊಂಡು ಅವಳು ಮನೆಗೆ ಹೋಗುವ ದಾರಿಯಲ್ಲಿ, ನೀನು ಮಾತಾಡೇ ಆಡುತ್ತೀಯೆಂದು ಡಾಕ್ಟರು ಹೇಳಿದ್ದಾರೆ ಎಂದಳು. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಗೊತ್ತೆಂದು ಹೇಳಲು ಬಾಯಿರಲಿಲ್ಲ. ದಿನವೂ ಅವಳು ಅದನ್ನೇ ಹೇಳಿ, ಎದುರು ಕೂತು ಒಂದೊಂದು ಅಕ್ಷರ ನುಡಿಸಿದಳು.

“ಅವಳ ಸುಳ್ಳನ್ನು... ನಿಜ ಮಾಡಬೇಕಿತ್ತು,” ಎಂದ. “ಹೊರಗೆ ಇದ್ದಾಳೆ. ನಾನು ಕೇಳಿಸಿಕೊಂಡಿದ್ದೆ ಅಂತ... ಅವಳಿಗೆ ಗೊತ್ತಾಗುವುದು ಬೇಡ.”

ಹೆಂಡತಿ ಒಳಗೆ ಬಂದಳು. ಗಂಡನ ಎದುರೇ ವೈದ್ಯನಿಗೆ ಕೈಮುಗಿದು, “ನೀವು ಅವತ್ತು ಹೇಳಿದ ಹಾಗೆಯೇ ಆಯಿತು ಸ್ವಾಮಿ,” ಎಂದಳು. ಅವಳ ಕಣ್ಣು ಮಾತ್ರ, ಅಲ್ಲವೆನ್ನಬೇಡಿ ಎಂದು ಬೇಡುತ್ತಿತ್ತು. ಗಂಡ ಕೋಲಿನ ತುದಿ ನೋಡುತ್ತ ನಿಂತಿದ್ದ.

ವೈದ್ಯ ಹೌದೆಂದು ತಲೆಯಾಡಿಸಿದ. ಪ್ರತಿವರ್ಷ ಆ ದಂಪತಿ ಬಂದು ಕೈಮುಗಿದು ಹೋಗುತ್ತಿದ್ದರು. ಪ್ರತಿವರ್ಷ ಅವನು ತಲೆ ತಗ್ಗಿಸಿ ಆ ನಮಸ್ಕಾರವನ್ನು ತೆಗೆದುಕೊಳ್ಳುತ್ತಿದ್ದ. ಸಭೆಗಳಲ್ಲಿ ಯಾರಾದರೂ ಅವನ ಹಳೆಯ ಬರಹವನ್ನು ಹೊಗಳಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ತಾನು ಆಡಿದ್ದು ಗಂಡನಿಗೂ ಕೇಳಿಸಿತ್ತೆಂಬ ನಿಜವನ್ನು ಆ ತಾಯಿಗೆ ಒಮ್ಮೆ ಹೇಳಿ, ಅವಳ ಕಾಲು ಹಿಡಿದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತಲ್ಲವೇ?” ಎಂದ.

“ಹಗುರಾಗುತ್ತಿತ್ತು. ಅವನು ಇಳಿಸಿದ ಆ ಭಾರವನ್ನು ಗಂಡ ಹೆಂಡತಿ ಇಬ್ಬರಲ್ಲಿ ಯಾರ ತಲೆಯ ಮೇಲೆ ಇಡೋಣ, ನೀನೇ ಹೇಳು,” ಎಂದರು ಗುರುಗಳು.