ಮುದ್ರೆಯ ಓಲೆಗೆ ಮಂಗಳಾರತಿ

ಪರ್ವತಯ್ಯ ಎಂಬ ಶಿಷ್ಯ ಒಂದು ಸಂಜೆ ಗುರುಗಳ ಎದುರು ಕುಳಿತು ಕೇಳಿದ: “ಬುದ್ಧಿ, ನೀವು ಹೇಳಿದ ಒಂದೊಂದು ಮಾತನ್ನೂ ದಿನಾ ಪೂಜೆಯ ಹೊತ್ತಿನಲ್ಲಿ ನೆನೆದು ಕೈಮುಗಿಯುತ್ತೇನೆ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ನನ್ನ ಭಕ್ತಿಯಲ್ಲಿ ಏನು ಕಡಿಮೆಯಾಗಿದೆ?”

ಗುರುಗಳು ನಕ್ಕರು. “ನಿನ್ನ ಭಕ್ತಿಗೇನಪ್ಪಾ, ಕೊಪ್ಪರಿಗೆ ತುಂಬ ಇದೆ. ಒಂದು ಕತೆ ಹೇಳುತ್ತೇನೆ, ಕೇಳು” ಎಂದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಬಲು ಒಳ್ಳೆಯವನು. ಎಣ್ಣೆಗೆ ಬೆರಕೆ ಮಾಡಿದವನಲ್ಲ, ಅಳತೆಯಲ್ಲಿ ಮೋಸ ಮಾಡಿದವನಲ್ಲ. ಅವನಿಗಿದ್ದದ್ದು ಒಂದೇ ಎತ್ತು, ಮನೆಯಲ್ಲೇ ಹುಟ್ಟಿ ಬೆಳೆದದ್ದು. ಅದಕ್ಕೆ ಹಿಂಡಿ ಇಡದೆ ತಾನು ಉಣ್ಣುತ್ತಿರಲಿಲ್ಲ. ಸೋಮವಾರ ಬಸವನ ದಿನವೆಂದು ಅದನ್ನು ಗಾಣಕ್ಕೆ ಹೂಡುತ್ತಿರಲಿಲ್ಲ.

ಅಂಥ ಒಂದು ಸೋಮವಾರ ಅರಮನೆಯ ಓಲೆಕಾರ ಬಂದ. ಮುದ್ರೆ ಒತ್ತಿದ ಓಲೆಯೊಂದನ್ನು ಕೈಗಿತ್ತು, “ಗಾಣದ ತೆರಿಗೆ ಬಾಕಿಯಿದೆಯಂತೆ. ಓದಿಸಿಕೊಂಡು ಉತ್ತರ ಕೊಡು” ಎಂದು ಹೇಳಿ ಹೋದ. ಗಾಣಿಗ ಹೆದರಿದ. ಆ ವರ್ಷದ ತೆರಿಗೆಯನ್ನು ಅವನು ಆಗಲೇ ಕಟ್ಟಿದ್ದ. ಮತ್ತೆ ಯಾವ ಬಾಕಿ? ಅವನಿಗೆ ಓದು ಬಾರದು. ಶಾನುಭೋಗರ ಮನೆ ಅದೇ ಬೀದಿಯಲ್ಲಿತ್ತು. ಅಲ್ಲಿಗೆ ಹೋಗಲಿಲ್ಲ ಪುಣ್ಯಾತ್ಮ. ಓಲೆಯನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಮಂಗಳಾರತಿ ಎತ್ತಿದ.

“ಇದೇನು ನಿಮ್ಮ ಅವತಾರ? ಶಾನುಭೋಗರ ಹತ್ತಿರ ಓದಿಸಬಾರದೇ?” ಎಂದಳು ಹೆಂಡತಿ.

“ಅರಸರ ಮುದ್ರೆ ಕಣೇ. ದೇವರಿಗೆ ಸಮ. ಅದನ್ನು ಕಂಡಕಂಡವರ ಕೈಗೆ ಕೊಡುವುದೇ?”

“ಕಳ್ಳನಿಗೊಂದು ಪಿಳ್ಳೆ ನೆವ. ಅದರಲ್ಲಿ ಏನಿದೆಯೋ ಎಂದು ನಿಮಗೆ ಹೆದರಿಕೆ, ಅಷ್ಟೇ.”

ಅವಳು ಹೇಳಿದ್ದು ಸರಿ ಎಂದು ಅವನಿಗೂ ಗೊತ್ತಿತ್ತು. ಆದರೆ ಓದಿಸುವ ತನಕ ಬಾಕಿ ತನ್ನ ಮನೆಯೊಳಗೆ ಬಂದಿಲ್ಲ ಎಂದು ಅವನು ತಿಳಿದಿದ್ದ. ನಗಬೇಡ ಪರ್ವತಯ್ಯ, ಹೆದರಿದವನ ಬುದ್ಧಿ ಹಾಗೇ ಇರುತ್ತದೆ. ಪಾಪ, ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಹೆದರಿಕೆ ಹೆಚ್ಚಿದಷ್ಟೂ ಪೂಜೆ ಜೋರಾಯಿತು. ಎರಡನೆಯ ಓಲೆ ಬಂತು, ಅದೂ ಗೂಡು ಸೇರಿತು. ಮೂರನೆಯದು ಬಂದಾಗ ಒಬ್ಬಟ್ಟಿನ ನೈವೇದ್ಯವೂ ಆಯಿತು.

ದೀಪಾವಳಿ ಹತ್ತಿರವಾಗುತ್ತಿರುವಾಗ, ಆ ಓಲೆಗಳನ್ನು ಕಳಿಸಿದ್ದ ಅಮಲ್ದಾರರೇ ಜವಾನರೊಂದಿಗೆ ಬಂದರು. ಬಾಕಿಗೆ ಬದಲಾಗಿ ಎತ್ತನ್ನು ಒಯ್ಯಬೇಕೆಂದು ಆಜ್ಞೆಯಾಗಿತ್ತು. ಜವಾನ ಹಗ್ಗ ಬಿಚ್ಚಿದ. ಗಾಣಿಗ ಎತ್ತಿನ ಕೊರಳನ್ನು ತಬ್ಬಿಕೊಂಡು ಅತ್ತ. “ಇದು ನನ್ನ ಮಗ ಸ್ವಾಮಿ. ಇದನ್ನು ಒಯ್ದರೆ ನಾನು ಬದುಕುವುದಿಲ್ಲ.”

“ಮೂರು ಓಲೆ ಕಳಿಸಿದೆನಲ್ಲಯ್ಯಾ, ಒಂದಕ್ಕಾದರೂ ಉತ್ತರ ಕೊಡಬಾರದಿತ್ತೇ?”

“ಒಂದು ದಿನವೂ ಪೂಜೆ ತಪ್ಪಿಸಿಲ್ಲ ಸ್ವಾಮಿ.”

ಅಮಲ್ದಾರರಿಗೆ ಅರ್ಥವಾಗಲಿಲ್ಲ. ಒಳಗೆ ಬಂದು ದೇವರ ಗೂಡನ್ನು ನೋಡಿದರು. ನಗಬೇಕೋ ಅಳಬೇಕೋ ತಿಳಿಯದೆ ಓಲೆಗಳ ಮೇಲಿನ ಹೂ ಸರಿಸಿದರು. ಆಮೇಲೆ ಮೊದಲನೆಯ ಓಲೆಯನ್ನು ಎತ್ತಿಕೊಂಡರು. ಅರಿಸಿನ ಹತ್ತಿ, ಗರಿಯಲ್ಲಿ ಕೊರೆದ ಅಕ್ಷರಗಳು ಇನ್ನಷ್ಟು ಎದ್ದು ಕಾಣುತ್ತಿದ್ದವು. ಗಟ್ಟಿಯಾಗಿ ಓದಿದರು: “ನಿನ್ನ ತಂದೆಯ ಕಾಲದಿಂದ ನಿಮ್ಮ ಮನೆಗೆ ಎರಡು ಗಾಣವೆಂದು ಲೆಕ್ಕವಿದೆ. ಒಂದರ ತೆರಿಗೆ ಮಾತ್ರ ಬಂದಿದೆ. ಇನ್ನೊಂದು ನಿಂತುಹೋಗಿದ್ದರೆ ಬಂದು ಒಂದು ಮಾತು ತಿಳಿಸು. ಬಾಕಿಯನ್ನು ಹೊಡೆದುಹಾಕುತ್ತೇವೆ.”

ತಂದೆಯ ಗಾಣ ಬಿರುಕುಬಿಟ್ಟು ಎಷ್ಟೋ ಕಾಲವಾಗಿತ್ತು. ಹಿತ್ತಲಲ್ಲಿ ಅದರ ಒರಳಿನೊಳಗೆ ಕೋಳಿ ಕಾವು ಕುಳಿತಿತ್ತು. ಅಮಲ್ದಾರರು ಅದನ್ನು ಕಣ್ಣಾರೆ ಕಂಡು ಬಾಕಿ ಮನ್ನಾ ಮಾಡಿದರು. ಎತ್ತನ್ನು ಮತ್ತೆ ಗೂಟಕ್ಕೆ ಕಟ್ಟಿಸಿದರು. ಆದರೆ ಉತ್ತರ ಕೊಡದ ತಪ್ಪಿಗೆ ದಂಡವಿತ್ತು, ಅದನ್ನು ಬಿಡುವ ಅಧಿಕಾರ ಅವರಿಗಿರಲಿಲ್ಲ. ಹಬ್ಬದ ಮಾರಾಟಕ್ಕೆಂದು ಕೂಡಿಟ್ಟ ಎಣ್ಣೆಯೆಲ್ಲ ಗಾಡಿ ಏರಿತು. ಗಾಣಿಗ ಆ ಕಡೆ ತಿರುಗಿಯೂ ನೋಡಲಿಲ್ಲ, ಎತ್ತಿನ ಬೆನ್ನು ಸವರುತ್ತಾ ನಿಂತಿದ್ದ. ಹೆಂಡತಿ ಅಮಲ್ದಾರರಿಗೆ ಮಜ್ಜಿಗೆ ತಂದುಕೊಟ್ಟಳು.

ಹೊರಡುವಾಗ ಅವರು ಗಾಣಿಗನ ಭುಜ ತಟ್ಟಿ, “ಇನ್ನು ಮುಂದೆ ನನ್ನ ಓಲೆಗೆ ಹೂ ಬೇಡ ಮಾರಾಯ, ಉತ್ತರ ಸಾಕು” ಎಂದರು.

ಕತೆ ಮುಗಿಯಿತು. ಪರ್ವತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ ಅವನು, ಬುದ್ಧಿ! ಮನೆಬಾಗಿಲಿಗೆ ಬಂದ ಮಾತನ್ನು ಕೇಳಿಸಿಕೊಳ್ಳದೆ ಅದಕ್ಕೇ ಆರತಿ ಎತ್ತಿದನಲ್ಲ” ಎಂದ.

ಗುರುಗಳೂ ಅವನ ಜೊತೆ ನಕ್ಕರು. ಹತ್ತಿರಕ್ಕೆ ಕರೆದು ತಲೆ ನೇವರಿಸಿದರು.

“ಅಣ್ಣನ ಜೊತೆ ಮಾತು ಬಿಟ್ಟಿದ್ದೀಯಲ್ಲ, ಹೋಗಿ ಮಾತಾಡಿಸಿ ಬಾ ಎಂದು ಹೋದ ಯುಗಾದಿಗೆ ಹೇಳಿದ್ದೆ, ಹೋಗಿದ್ದೆಯೇನಪ್ಪಾ?”