ಉಸ್ತಾದನ ಹೆಸರಿಗೆ ಬಂದ ನಿದ್ದೆ

"ಗುರುಗಳೇ, ತಪ್ಪು ಮಾಡಿದವನು ಅದನ್ನು ಒಪ್ಪಿಕೊಳ್ಳಲು ತಕ್ಕ ಸಮಯ ಯಾವುದು?" ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮಡಚಿಟ್ಟರು. ಕೂತುಕೊಳ್ಳಲು ಹೇಳಿ ಈ ಕತೆ ಶುರುಮಾಡಿದರು.

ಒಬ್ಬ ಯುವಕನಿದ್ದ. ಇಪ್ಪತ್ತೆರಡು ವರ್ಷ. ದೊಡ್ಡ ಲಾರಿಯ ಲೈಸೆನ್ಸ್ ಕೈಗೆ ಬಂದ ವಾರವೇ ಹುಬ್ಬಳ್ಳಿಯ ಒಬ್ಬ ಮಾಲೀಕನ ಬಳಿ ಕೆಲಸಕ್ಕೆ ಸೇರಿದ. ಆ ಮಾಲೀಕನ ಲಾರಿಗಳು ಒಣಮೆಣಸಿನಕಾಯಿ ಹೇರಿಕೊಂಡು ದೆಹಲಿಯವರೆಗೆ ಹೋಗುತ್ತಿದ್ದವು. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಅಷ್ಟು ದೂರದ ದಾರಿಗೆ ಒಬ್ಬ ಚಾಲಕ ಸಾಲುವುದಿಲ್ಲ. ಯುವಕನನ್ನು ಒಬ್ಬ ಹಿರಿಯ ಚಾಲಕನ ಜೊತೆ ಹಾಕಿದರು. ಆ ಹಿರಿಯ ಮೂವತ್ತು ವರ್ಷ ಲಾರಿ ಓಡಿಸಿದವನು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವನ ಗಾಡಿ ರಸ್ತೆ ಬಿಟ್ಟು ಇಳಿದಿರಲಿಲ್ಲ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಯುವಕನೂ ಹಾಗೆಯೇ ಕರೆದ.

ಉಸ್ತಾದನ ಮಾತು ಕಡಿಮೆ. ಕಲಿಸಿದ್ದು ಬಹಳ. ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಇಳಿಯಬೇಕು, ಹೊರೆ ಒಂದು ಕಡೆಗೆ ವಾಲಿದ್ದು ಸ್ಟೇರಿಂಗ್ ಹಿಡಿದ ಕೈಗೆ ಹೇಗೆ ತಿಳಿಯುತ್ತದೆ, ಎದುರಿನಿಂದ ಬರುವ ಚಾಲಕ ದಣಿದಿದ್ದಾನೆ ಎಂದು ಅವನ ಗಾಡಿಯ ಓಟದಿಂದಲೇ ಹೇಗೆ ಗುರುತಿಸಬೇಕು, ಎಲ್ಲವನ್ನೂ ಹೇಳಿಕೊಟ್ಟ. ಒಂದು ಮಾತನ್ನು ಮಾತ್ರ ಪ್ರತಿ ಸಲ ಮಲಗುವ ಮುಂಚೆ ಹೇಳುತ್ತಿದ್ದ. "ಕಣ್ಣು ಭಾರವಾದರೆ ನನ್ನನ್ನು ಎಬ್ಬಿಸು. ನಾಚಿಕೆ ಪಡಬೇಡ."

ಯುವಕನಿಗೆ ನಾಚಿಕೆಯೇ ಆಗುತ್ತಿತ್ತು. ಅವನ ಓರಗೆಯವರು ಢಾಬಾದಲ್ಲಿ ಸಿಕ್ಕಾಗ, ಇಡೀ ದಿನ ಒಬ್ಬನೇ ಓಡಿಸಿದೆ ಎಂದು ಹೇಳಿಕೊಳ್ಳುತ್ತಿದ್ದರು. ತಾನೂ ಹಾಗೆ ಹೇಳಬೇಕು ಎಂಬ ಆಸೆ ಅವನಿಗಿತ್ತು.

ಆರನೆಯ ತಿಂಗಳು. ಇಂದೋರ್ ಇನ್ನೂ ಮುಂದಿತ್ತು. ಮಧ್ಯಾಹ್ನದ ಊಟ ಮುಗಿಸಿ ಉಸ್ತಾದ್ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿದ. ಯುವಕನ ಸರದಿ ಮೂರು ಗಂಟೆಗೆ ಮುಗಿಯಬೇಕಿತ್ತು. ಮೂರಾಯಿತು. ಅವನು ಎಬ್ಬಿಸಲಿಲ್ಲ. ಇನ್ನೊಂದು ಊರು ದಾಟಲಿ ಎಂದುಕೊಂಡ. ಆ ಊರು ದಾಟಿದ ಮೇಲೆ ಮತ್ತೊಂದು ಎಂದುಕೊಂಡ. ಕಣ್ಣು ಯಾವಾಗ ಮುಚ್ಚಿತೋ ಅವನಿಗೆ ತಿಳಿಯದು. ತೆರೆದಾಗ ಲಾರಿ ರಸ್ತೆ ಬದಿಯ ಹಳ್ಳದಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಯಾರ ಜೀವವೂ ಹೋಗಲಿಲ್ಲ. ಉಸ್ತಾದನ ಹಣೆ ಒಡೆದು ರಕ್ತ ಬರುತ್ತಿತ್ತು. ಚೀಲಗಳು ಬಿರಿದು ಮೆಣಸಿನಕಾಯಿ ಹಳ್ಳದ ತುಂಬ ಚೆಲ್ಲಿತ್ತು. ಸಹಾಯಕ್ಕೆ ಬಂದವರೆಲ್ಲ ಘಾಟಿಗೆ ಸೀನಿದರು, ಕಣ್ಣೊರೆಸಿಕೊಂಡರು. ಯುವಕ ಅಳುತ್ತಿದ್ದುದು ಯಾರಿಗೂ ಗೊತ್ತಾಗಲಿಲ್ಲ.

ಪೊಲೀಸರು ಬಂದರು. ಉಸ್ತಾದ್ ಅವರ ಹತ್ತಿರ ಹಿಂದಿಯಲ್ಲಿ ಏನೋ ಹೇಳಿದ. ಯುವಕನಿಗೆ ಆಗಿನ್ನೂ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಪೊಲೀಸರು ಅತ್ತ ಹೋದ ಮೇಲೆ ಏನು ಹೇಳಿದಿರಿ ಎಂದು ಕೇಳಿದ.

"ನಾನು ಓಡಿಸುತ್ತಿದ್ದೆ ಎಂದೆ" ಅಂದ ಉಸ್ತಾದ್. "ಮೊದಲ ವರ್ಷವೇ ಹೆಸರು ಕೆಟ್ಟರೆ ನಿನಗೆ ಯಾರೂ ಗಾಡಿ ಕೊಡುವುದಿಲ್ಲ. ನನ್ನ ಓಟ ಹೇಗೂ ಮುಗಿಯುತ್ತ ಬಂತು. ನೀನು ಸುಮ್ಮನಿರು."

ಯುವಕ ಸುಮ್ಮನಿದ್ದ.

ಊರಿಗೆ ಬಂದ ಮೇಲೆ ಮಾಲೀಕ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡ. ಆಗ ನೀನೆಲ್ಲಿದ್ದೆ ಎಂದು ಯುವಕನನ್ನು ಕೇಳಿದ. ಯುವಕ ಉಸ್ತಾದನ ಮುಖ ನೋಡಲಿಲ್ಲ. "ಹಿಂದೆ ಮಲಗಿದ್ದೆ" ಎಂದ.

ಉಸ್ತಾದನ ಕೆಲಸ ಹೋಯಿತು. ಬೇರೆ ಮಾಲೀಕರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ವಯಸ್ಸಾಯಿತು, ಸ್ಟೇರಿಂಗ್ ಹಿಡಿದರೆ ತೂಕಡಿಸುತ್ತಾನೆ ಎಂಬ ಮಾತು ಲಾರಿ ನಿಲ್ಲುವ ಕಡೆಯೆಲ್ಲ ಹಬ್ಬಿತು. ಓಟ ಮುಗಿಯುತ್ತ ಬಂತು ಎಂದು ಅವನು ಹೇಳಿದ್ದು ಯುವಕನ ಸಮಾಧಾನಕ್ಕೆ. ಅವನಲ್ಲಿ ಇನ್ನೂ ಹತ್ತು ವರ್ಷದ ಓಟವಿತ್ತು. ಅವನು ಗದಗಿನ ಮನೆಗೆ ಹೋಗಿ ಕೂತ.

ಯುವಕನಿಗೆ ಬೇರೆ ಲಾರಿ ಸಿಕ್ಕಿತು. ನಿಜ ಹೇಳಬೇಕೆಂದು ಅವನ ಮನಸ್ಸಿನಲ್ಲಿತ್ತು. ಕೆಲಸ ಗಟ್ಟಿಯಾದ ಮೇಲೆ ಹೇಳುತ್ತೇನೆ ಎಂದುಕೊಂಡ. ಕೆಲಸ ಗಟ್ಟಿಯಾಯಿತು. ಮದುವೆ ಮುಗಿಯಲಿ ಎಂದುಕೊಂಡ. ಮದುವೆ ಮುಗಿಯಿತು, ಮಕ್ಕಳಾದರು. ಮಕ್ಕಳ ಮುಂದೆ ತಲೆ ತಗ್ಗಿಸುವುದು ಹೇಗೆ ಎಂದು ಯೋಚಿಸಿದ. ಗದಗಿನ ಮೇಲೆ ಹಾಯ್ದುಹೋದಾಗಲೆಲ್ಲ ಅವನ ಕಾಲು ಬ್ರೇಕಿನ ಕಡೆಗೆ ಸರಿಯುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿತ್ತು.

ಅವನು ಒಳ್ಳೆಯ ಚಾಲಕನಾದ. ಉಸ್ತಾದ್ ಕಲಿಸಿದ್ದನ್ನು ಒಂದೂ ಬಿಡದೆ ಪಾಲಿಸಿದ. ಹೊಸಬರನ್ನು ಅವನ ಜೊತೆಗೇ ಕಳಿಸುತ್ತಿದ್ದರು. ಒಮ್ಮೆ ಚಹಾದಂಗಡಿಯಲ್ಲಿ ಹೊಸಬನೊಬ್ಬ, ಆ ಮುದುಕ ನಿದ್ದೆಹೋದ ದಿನ ನೀವೂ ಲಾರಿಯಲ್ಲಿದ್ದಿರಂತೆ ಎಂದು ಕೇಳಿದ. ಸುತ್ತ ಐದಾರು ಜನ ಇದ್ದರು. "ಹೌದು, ಪಾಪ, ವಯಸ್ಸಾಗಿತ್ತು" ಎಂದು ಅವನು ಹೇಳಿದ. ಅರ್ಧ ಚಹಾ ಇದ್ದ ಲೋಟವನ್ನು ಹಾಗೆಯೇ ಇಟ್ಟು ಎದ್ದುಹೋದ.

ಇಪ್ಪತ್ತೆರಡು ವರ್ಷ ಕಳೆದವು. ಒಂದು ದಿನ ಬೆಳಿಗ್ಗೆ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಇವತ್ತೇ ಗದಗಿಗೆ ಹೋಗಿ ಬನ್ನಿ ಎಂದಳು ಅವಳು.

ಉಸ್ತಾದ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಮಗಳು ಅವನನ್ನು ನೋಡಿಕೊಳ್ಳುತ್ತಿದ್ದಳು. ಉಸ್ತಾದನಿಗೆ ಬಂದವನ ಗುರುತು ಸಿಕ್ಕಿತು, ಸಂತೋಷವಾಯಿತು. ಪಕ್ಕದಲ್ಲಿ ಕೂಡಿಸಿಕೊಂಡ.

"ಉಸ್ತಾದ್, ಆ ದಿನ ನಿದ್ದೆಹೋದವನು ನಾನು. ನೀವು ಹಿಂದೆ ಮಲಗಿದ್ದಿರಿ. ಅದನ್ನು ಹೇಳಲು ಬಂದಿದ್ದೇನೆ."

ಉಸ್ತಾದ್ ತಲೆಯಾಡಿಸಿದ. "ಇಲ್ಲ ತಮ್ಮಾ, ನನಗೆ ಚೆನ್ನಾಗಿ ನೆನಪಿದೆ. ಊಟ ಜಾಸ್ತಿಯಾಗಿತ್ತು, ನನಗೆ ಕಣ್ಣು ಹತ್ತಿತು. ನೀನು ಹಿಂದೆ ಮಲಗಿದ್ದೆ. ನಿನಗೆ ಏನಾದರೂ ಆಗಿದ್ದರೆ ನಿಮ್ಮ ತಾಯಿಗೆ ನಾನು ಏನು ಹೇಳುತ್ತಿದ್ದೆ? ಇಷ್ಟು ವರ್ಷವೂ ಅದೇ ಕೊರಗು. ನನ್ನನ್ನು ಕ್ಷಮಿಸಿಬಿಡು." ಹೀಗೆ ಹೇಳಿ ಕೈ ಮುಗಿದ.

ಅವನು ಆ ಕೈಗಳನ್ನು ಹಿಡಿದುಕೊಂಡ. ಮೂರು ಗಂಟೆಗೆ ಎಬ್ಬಿಸದೆ ಇದ್ದದ್ದು, ಪೊಲೀಸರಿಗೆ ಉಸ್ತಾದ್ ಹೇಳಿದ ಮಾತು, ಮಾಲೀಕನ ಎದುರಿನ ಸುಳ್ಳು, ಒಂದೊಂದನ್ನೂ ಬಿಡಿಸಿ ಹೇಳಿದ. ಉಸ್ತಾದ್ ಎಲ್ಲವನ್ನೂ ಕೇಳಿ ಅವನ ಬೆನ್ನು ಸವರಿದ. "ನೀನು ಮೊದಲಿನಿಂದಲೂ ಒಳ್ಳೆಯವನು. ಮುದುಕನ ಮನಸ್ಸು ಹಗುರವಾಗಲಿ ಎಂದು ನಿನ್ನ ಮೇಲೆ ಹಾಕಿಕೊಳ್ಳುತ್ತಿದ್ದೀಯ" ಎಂದ.

ಅವನು ಹೊರಟಾಗ ಮಗಳು ಬೀದಿಯವರೆಗೆ ಬಂದಳು. ನೀವು ಹೇಳಿದ್ದು ನಿಜವೇ ಎಂದು ಕೇಳಿದಳು. ನಿಜ ಎಂದ.

"ನಮ್ಮವ್ವ ಸಾಯುವ ತನಕ ಆ ನಿದ್ದೆಯ ಮಾತನ್ನೇ ಎತ್ತಿ ಅಪ್ಪನನ್ನು ಚುಚ್ಚಿದಳು. ನಾನೂ ಚುಚ್ಚಿದ್ದೇನೆ" ಎಂದಳು ಅವಳು. "ಮೊದಮೊದಲು ಅಪ್ಪ ಸುಮ್ಮನಿರುತ್ತಿದ್ದ. ಆಮೇಲೆ, ಹೌದು, ನನ್ನದೇ ತಪ್ಪು ಅನ್ನತೊಡಗಿದ. ಈಗ ಅವನಿಗೆ ಬೇರೆ ಏನೂ ನೆನಪಿಲ್ಲ."

ಅವಳು ಅವನನ್ನು ಬೈಯಲಿಲ್ಲ. ಒಳಗೆ ಹೋಗಿ ಅಪ್ಪನ ಕಾಲ ಬಳಿ ಕೂತಳು.

ಅವನು ಅಲ್ಲಿಂದ ನೇರ ಹುಬ್ಬಳ್ಳಿಗೆ ಬಂದ. ಮಾಲೀಕ ತೀರಿಕೊಂಡಿದ್ದ, ಮಗ ವ್ಯವಹಾರ ನೋಡುತ್ತಿದ್ದ. ಮಗನಿಗೆ ಹೇಳಿದ. ಯಾವ ಉಸ್ತಾದ್ ಎಂದು ಮಗ ಕೇಳಿದ. ಚಹಾದಂಗಡಿಯಲ್ಲಿ ಚಾಲಕರೆಲ್ಲ ಕೂತಿದ್ದಾಗ ಎದ್ದು ನಿಂತು ಹೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲಿಸಿದವನ ಮೇಲಿನ ಕಳಂಕವನ್ನು ತನ್ನ ತಲೆಗೆ ಎಳೆದುಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದರು. ಅವನ ಹೆಸರು ಇನ್ನೂ ಹೆಚ್ಚಿತು. ಉಸ್ತಾದ್ ಇನ್ನೆರಡು ವರ್ಷ ಬದುಕಿದ್ದ. ಅವನು ನೋಡಲು ಹೋದಾಗಲೆಲ್ಲ ಉಸ್ತಾದ್ ಅವನಲ್ಲಿ ಕ್ಷಮೆ ಕೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನೆಲ ನೋಡುತ್ತ ಕೂತಿದ್ದ.

"ಈಗ ಹೇಳು, ನೀನು ಯಾರ ಮನೆಗೆ ಹೋಗಬೇಕಾಗಿದೆ?" ಎಂದರು ಗುರುಗಳು.